ಅಕ್ಕನ ಕಣ್ಣಪಾಪೆ

ಆ ಫೋನಿನ ಕ್ಯಾಮೆರಾ ಹೇಗಿದೆ ಎಂದು ಕೇಳಿ ಕೇಳಿ ನನ್ನ ತಲೆ ತಿನ್ನುವವರಿಗೆಲ್ಲ ಇದೊಂದೇ ಉತ್ತರ. ನಂಬುವುದಾದರೆ ನಂಬಿ, ಇಲ್ಲದಿದ್ದರೆ ಹೋಗಿ ಕೊಂಡುಕೊಳ್ಳಿ.

ಹೊಸ ಫೋನುಗಳನ್ನು ಪರೀಕ್ಷಿಸಿ ಬರೆಯುವುದು ನನ್ನ ಹೊಟ್ಟೆಪಾಡು. ಯಾವ ಫೋನು ಬಂದರೂ ಅಕ್ಕನನ್ನು ಕಿಟಕಿಯ ಪಕ್ಕ ಕೂರಿಸಿ, ಬಾಗಿಲಲ್ಲಿ ನಿಂತು ಫೋಟೊ ತೆಗೆದು, ಅವಳ ರೆಪ್ಪೆಗೂದಲು ಬಿಡಿಬಿಡಿಯಾಗಿ ಕಾಣುತ್ತದೆಯೇ ಎಂದು ಜೂಮ್ ಮಾಡಿ ನೋಡುತ್ತೇನೆ.

ಈ ದರಿದ್ರದ ಫೋನಿನ ಪರದೆ ಮಧ್ಯಾಹ್ನದ ಬಿಸಿಲಲ್ಲೂ ಬಾವಿಯಿಂದ ಎತ್ತಿದ ಹಾಗೆ ತಣ್ಣಗಿತ್ತು. ಮುಟ್ಟಿದ ಬೆರಳು ಜೋಮು ಹಿಡಿಯುತ್ತಿತ್ತು. ಮೊದಲ ಫೋಟೊದಲ್ಲಿ ರೆಪ್ಪೆಯೇನು, ಅಕ್ಕನ ಕಣ್ಣಪಾಪೆಯೊಳಗೆ ನಾನೇ ಸ್ಪಷ್ಟವಾಗಿ ಕಂಡೆ. ಆದರೆ ನನ್ನ ಕೈಯಲ್ಲಿ ಫೋನಿರಲಿಲ್ಲ. ಎರಡೂ ಕೈಗಳು ಮುಂದಕ್ಕೆ ಚಾಚಿಕೊಂಡಿದ್ದವು.

ಇನ್ನೊಂದು ತೆಗೆದೆ. ಅದರಲ್ಲಿ ಕಣ್ಣಪಾಪೆಯೊಳಗಿನ ನಾನು ಬಾಗಿಲು ಬಿಟ್ಟು ಕೋಣೆಯ ನಡುವೆ ಬಂದಿದ್ದೆ.

"ಲೋ, ಅಷ್ಟು ಹತ್ರ ಬರ್ಬೇಡ್ವೋ, ಉಸಿರು ತಾಗ್ತಿದೆ," ಎಂದಳು ಅಕ್ಕ.

"ಬಾಗಿಲಲ್ಲೇ ಇದೀನಲ್ಲೇ ಅಕ್ಕ!"

ಅವಳು ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

ನನಗೆ ರೇಗಿತು. ಫೋನನ್ನು ಬಾಗಿಲ ಬಳಿ ಸ್ಟ್ಯಾಂಡಿಗೆ ಸಿಕ್ಕಿಸಿ, ಟೈಮರ್ ಇಟ್ಟು, ಹಿತ್ತಲಿಗೆ ಹೋಗಿ ನಿಂತೆ. ಒಳಗೆ ಕುರ್ಚಿ ಬಿದ್ದ ಸದ್ದಾಯಿತು. ಓಡಿ ಬಂದರೆ ಅಕ್ಕ ಗೋಡೆಗೆ ಅಂಟಿಕೊಂಡು ಕುತ್ತಿಗೆ ಹಿಡಿದು ನಿಂತಿದ್ದಾಳೆ.

"ನಿನ್ನ ಕೈ ಯಾಕೋ ಇಷ್ಟು ತಣ್ಣಗಿದೆ?" ಎಂದಳು.

ಕೊನೆಯ ಆ ಫೋಟೊವನ್ನು ನಾನು ನೋಡಲಿಲ್ಲ, ಫೋನನ್ನು ಹಾಗೆಯೇ ವಾಪಸ್ ಕಳಿಸಿದೆ. ಅಕ್ಕ ಇವತ್ತಿಗೂ ನನಗೆ ಬೆನ್ನು ಹಾಕಿ ನಿಲ್ಲುವುದಿಲ್ಲ.