ಬಸಲಿಂಗವ್ವನ ಕೈ

೨೦೬೧. ಬಸಲಿಂಗವ್ವ ತೀರಿಕೊಂಡು ಹನ್ನೊಂದು ವರ್ಷವಾಗಿದ್ದರೂ ಗುಳೇದಗುಡ್ಡದ ನೇಯ್ಗೆಶಾಲೆಯಲ್ಲಿ ಆಕೆಯ ಕೈ ಇನ್ನೂ ಪಾಠ ಹೇಳುತ್ತಿತ್ತು. ಕಲಿಯುವವರು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ನೆಲದ ಗುಂಡಿಯಲ್ಲಿ ಕಾಲಿಟ್ಟು ನೇಯುವ ಕುಣಿಮಗ್ಗಕ್ಕೆ ಇಳಿದರೆ ಸಾಕು. ಆಕೆ ಬದುಕಿದ್ದಾಗ ದಾಖಲಾದ ಕೈಚಲನೆಯನ್ನು ಪಟ್ಟಿ ಸಣ್ಣ ಮಿಡಿತಗಳಾಗಿ ಅವರ ನರಕ್ಕೆ ಮುಟ್ಟಿಸುತ್ತಿತ್ತು. ಲಾಳಿ ತಡವಾದರೆ ಮೆಲ್ಲಗೆ ಚುಚ್ಚುತ್ತಿತ್ತು.

"ನಮ್ಮತ್ತಿ ಸತ್ರೂ ಚುಚ್ಚೂದು ಬಿಟ್ಟಿಲ್ಲ ನೋಡ್ರಿ," ಎಂದು ಶಾಲೆ ನಡೆಸುವ ಸೊಸೆ ದಾನಮ್ಮ ನಗುತ್ತಿದ್ದಳು.

ಪಟ್ಟಿಯೊಳಗಿನ ತಂತ್ರಾಂಶ ಮುಕ್ತವಾದದ್ದು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ತಿದ್ದಬಹುದು. ಆ ಯುಗಾದಿಗೆ ಮುಂಚೆ, ಕೈಕಸುಬಿನ ಪಾಠ ಮಾರುವ ದೊಡ್ಡ ಕಂಪನಿಯೊಂದು ಅದರ ಹಕ್ಕನ್ನು ಕೊಂಡುಕೊಂಡಿತು.

ಶಾಲೆಯ ಪಟ್ಟಿಗಳನ್ನು ನೋಡಿಕೊಳ್ಳುವ ಇಂಜಿನಿಯರ್ ಮೆಹಜಬೀನ್ ಬಾಗಲಕೋಟೆಯಿಂದ ಬಂದು ಮುಖ ಸಣ್ಣ ಮಾಡಿಕೊಂಡು ಕಟ್ಟೆಯ ಮೇಲೆ ಕೂತಳು.

"ದಾನಕ್ಕಾ, ಕೈ ದಾಖಲೆ ಎಲ್ಲಾ ಅವರಿಗೆ ಬರಕೊಡಬೇಕಂತ. ಒಲ್ಲೆ ಅಂದ್ರ ತಿಂಗಳ ಕೊನಿಗೆ ಪಾಠ ಬಂದ್."

"ನಮ್ಮತ್ತಿ ಕೈ ಅವರದಾಗತೈತೇನ?"

"ಮೊದಲ ಮುಕ್ತವಾಗಿ ಬಿಟ್ಟಿದ್ದ ಆವೃತ್ತಿ ಇದ್ರ ಅದನ್ನ ಯಾರೂ ಕಸ್ಗೊಳ್ಳಾಕ ಬರೂದಿಲ್ಲ. ಆದ್ರ ಅವರು ಕಳಿಸಿದ ಹೊಸಾದನ್ನ ನಾ ಷರತ್ತು ಓದದನ ಹಾಕಿ, ಹಳೇದು ಅಳಿಸಿಬಿಟ್ಟೀನಿ. ಹೊರಗೂ ಎಲ್ಲೂ ಸಿಗವಲ್ದು."

ದಾನಮ್ಮ ಮಗ್ಗದ ಕುಣಿಗೆ ಇಳಿದು, ಗೂಡಿನಿಂದ ಖಣದ ಬಟ್ಟೆಯ ಚೂರಿನ ಗಂಟೊಂದನ್ನು ತೆಗೆದಳು. ಒಳಗೆ ಉಗುರಿನಷ್ಟು ಚಿಪ್.

"ಮೂರು ವರ್ಷದ ಹಿಂದ ಪಟ್ಟಿಗೆ ಹೊಸಾ ಚಿಪ್ ಹಾಕಿ, ಹಳೇ ಇದನ್ನ ಕಸಕ್ಕ ಒಗೀರಿ ಅಂದಿದ್ದಿ. ನಾ ಒಗೀಲಿಲ್ಲ."

ನೇಕಾರರು ಮುಗಿದ ಬಟ್ಟೆಯನ್ನು ಕೊಯ್ಯುವಾಗ ಹಾಸಿನ ಉದ್ದೆಳೆಗಳನ್ನು ಪೂರ್ತಿ ಕೊಯ್ಯುವುದಿಲ್ಲ. ಮಗ್ಗದಲ್ಲಿ ಗೇಣುದ್ದ ಹಳೆಯ ಎಳೆಗಳನ್ನು ಉಳಿಸಿ, ಅವುಗಳ ತುದಿಗೇ ಹೊಸ ಎಳೆಗಳನ್ನು ಒಂದೊಂದಾಗಿ ಕೆಚ್ಚುತ್ತಾರೆ, ಅಂದರೆ ಹೊಸೆದು ಕೂಡಿಸುತ್ತಾರೆ. ಹಳೆಯ ಚಿಪ್ ವಿಷಯದಲ್ಲೂ ದಾನಮ್ಮ ಅದನ್ನೇ ಮಾಡಿದ್ದಳು.

ಮೆಹಜಬೀನ್ ಪಟ್ಟಿಗೆ ಆ ಚಿಪ್ ಹಾಕಿದಳು. ದಾನಮ್ಮ ಪಟ್ಟಿ ಕಟ್ಟಿ, ಬೇಕಂತಲೇ ಲಾಳಿ ತಡಮಾಡಿದಳು. ಚುಚ್ಚಿತು.

"ಹಾಂ, ನಮ್ಮತ್ತೀನ!"

ಇಬ್ಬರೂ ನಕ್ಕರು. ಮೆಹಜಬೀನಳ ನಗೆ ಬೇಗ ನಿಂತಿತು. "ಅಕ್ಕಾ, ಇನ್ನ ಮ್ಯಾಲೆ ಕೆಟ್ರ ತಿದ್ದವರಿಲ್ಲ."

"ಇಷ್ಟ ದಿನ ಯಾರು ತಿದ್ತಿದ್ರು?"

"ಮೂರು ಮಂದಿ. ಪಗಾರಿಲ್ದ. ಕಡೀಕ ದಣದು ಮಾರಿದ್ರಂತ."

"ಹೆಸರು?"

ಹನ್ನೆರಡು ವರ್ಷ ಅದನ್ನು ಬಳಸಿದ್ದ ಮೆಹಜಬೀನಳಿಗೆ ಗೊತ್ತಿರಲಿಲ್ಲ. ಮೊದಲ ಸಲ ತಂತ್ರಾಂಶದ ಒಡಲು ಬಿಚ್ಚಿದಳು. ಎಲ್ಲಕ್ಕೂ ಮೇಲೆ ಮೂರು ಹೆಸರು, ೨೦೨೬ರ ತಾರೀಖು, ಕೆಳಗೆ ಒಂದು ಸಾಲು: 'ಕೆಲಸ ಹೆಚ್ಚಾಗಿದೆ, ಯಾರಾದರೂ ಕೈ ಜೋಡಿಸುವಿರಾ?'

ಓದಿ ಹೇಳಿದಳು.

"ಯಾರಾರ ಉತ್ತರ ಕೊಟ್ಟಾರೇನು?"

"ಇಲ್ಲಕ್ಕಾ, ಕೆಳಗ ಖಾಲಿ ಐತಿ."

ದಾನಮ್ಮ ಕುಣಿಯ ಅಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟಳು. "ಬಾ, ಇಲ್ಲೇ ಕೂತು ಬರಿ, ನಾವು ಕೈ ಜೋಡಸ್ತೀವಂತ."