ಕೊಳದ ನಡುವೆ ಕೆಟ್ಟುನಿಂತ ಕಾರಂಜಿ

ಬೆಳಿಗ್ಗೆ ಆರೂವರೆ. ವಸತಿಗೃಹದ ಹಿತ್ತಲಿನ ಪುಟ್ಟ ಕೊಳದಲ್ಲಿ ತೇಲುವ ಕಾರಂಜಿ ಕೆಟ್ಟು ನಿಂತಿತ್ತು. ಕೂರಿಸಿ ವಾರವೂ ಆಗಿರಲಿಲ್ಲ.

ಕೂರಿಸಿದ ಹೆಂಗಸನ್ನು ಊರವರು ಕರೆಯುವುದು ಕರೆಂಟಕ್ಕ ಎಂದು. ಸುದ್ದಿ ಸಿಕ್ಕಿದ್ದೇ ಬಂದಳು. ಕಾರಂಜಿಯನ್ನು ದಡಕ್ಕೆಳೆದು ಮಗುಚಿದಳು. ಅಡಿಯ ಮೋಟರು ಸುಟ್ಟಿತ್ತು. ನೀರು ಹೀರುವ ಜಾಲರಿಯ ತುಂಬ ಕೆಸರು.

"ಆರಿಸಿದ್ದೂ ನೀನು, ಕೂರಿಸಿದ್ದೂ ನೀನು," ಎಂದ ಮಾಲೀಕ. "ತಪ್ಪು ನಂದೇ ಅಂತ ಎಲ್ಲರೆದುರು ಒಪ್ಕೋ. ಇಲ್ಲಾಂದ್ರೆ ನಿನಗೆ ಸಿಕ್ಕಿರೋ ಶಾಲೆ ಕೊಳದ ಕೆಲಸವೂ ಕೈತಪ್ಪುತ್ತೆ. ಹೆಡ್‌ಮೇಡಂಗೆ ನಾನೇ ಹೇಳ್ತೀನಿ."

"ಹೇಳಿ. ಈಗಲೇ ಹೇಳಿ. ಮಾಡದ ತಪ್ಪನ್ನ ನಾನು ಒಪ್ಕೊಳ್ಳಲ್ಲ."

"ಬಾಯಿಗೇನೂ ಕಮ್ಮಿಯಿಲ್ಲ!"

"ಬಾಯಿ ನಂದು ಸ್ವಾಮಿ, ಬಾಡಿಗೇದಲ್ಲ."

ಕೊಳದ ದಡಕ್ಕೆ ತಾಗಿದ ಜಗಲಿಯಲ್ಲಿ ಊಟದ ಮೇಜಿನ ಮುಂದೆ ಕೂತಿದ್ದ ಮಾಲೀಕನ ಅಕ್ಕ ಲೋಟ ಕೆಳಗಿಟ್ಟಳು. ಪೊಲೀಸ್ ಇಲಾಖೆಯಿಂದ ನಿವೃತ್ತಳಾಗಿ, ತಮ್ಮನಲ್ಲಿಗೆ ವಿಶ್ರಾಂತಿಗೆಂದು ಬಂದವಳು.

"ಇಷ್ಟು ಚಿಕ್ಕ ಕಾರಂಜಿಯನ್ನೇ ಯಾಕೆ ಆರಿಸಿದೆ?"

"ಕೊಳ ಚಿಕ್ಕದು ಮೇಡಂ. ಚಿಮ್ಮಿದ ನೀರು ತಿರುಗಿ ಕೊಳಕ್ಕೇ ಬೀಳಬೇಕು. ಗಾಳಿ ಬೀಸಿದ್ರೂ ಹನಿ ದಡ ಮುಟ್ಟಬಾರದು—ಅಷ್ಟನ್ನ ನೋಡೇ ತಂದೆ. ನಡುವೆ ಆಳ ಇದೆ, ಮೋಟರಿಗೆ ಕೆಸರು ಎಟುಕಲ್ಲ. ಮೂರು ಕಡೆ ಹಗ್ಗ ಕಟ್ಟಿ ಅಲ್ಲೇ ನಿಲ್ಲಿಸಿದ್ದೆ."

"ಮತ್ತೆ ಈ ಕೆಸರು?"

"ರಾತ್ರಿ ದಡಕ್ಕೆ ಎಳೆದು ಓಡಿಸಿದವರನ್ನ ಕೇಳಿ. ಅಲ್ಲಿ ಮೊಣಕಾಲುದ್ದವೂ ನೀರಿಲ್ಲ."

ಪಕ್ಕದಲ್ಲಿ ನಿಂತಿದ್ದ ವಸತಿಗೃಹದ ತೋಟಗಾರ ಕೈ ಮುಗಿದ. "ನಾನಂತೂ ಸಂಜೆಗೇ ಮನೆಗೆ ಹೋದೆನಮ್ಮ. ಕರೆಂಟು ಅಂದ್ರೆ ನನಗೆ ಟಾರ್ಚ್ ಹಿಡಿಯೋಕೂ ಭಯ."

ಅಕ್ಕ ತಮ್ಮನತ್ತ ತಿರುಗಿದಳು. "ನಿನ್ನೆ ನಾನು ಬೇಗ ಮಲಗಿಬಿಟ್ಟೆ. ರಾತ್ರಿ ಕಾರಂಜಿ ಎಲ್ಲಿತ್ತು?"

"ನಡುವೆಯೇ! ಊಟ ಮುಗಿಯೋವರೆಗೂ ನಾನು ಇಲ್ಲೇ ಇದ್ದೆ. ಯಾರೂ ಮುಟ್ಟಿಲ್ಲ. ಇವಳು ತಂದಿದ್ದೇ ದರಿದ್ರದ್ದು. ಗಿರಾಕಿಗಳ ತಟ್ಟೆಗೆಲ್ಲ ನೀರು ಎರಚಿಬಿಡ್ತು!"

"ತಟ್ಟೆಗೆ? ಈ ಜಗಲಿಯಲ್ಲಿ?"

"ಇನ್ನೆಲ್ಲಿ?"

"ಮೊನ್ನೆ ಸಂಜೆ ಗಾಳಿ ಜೋರಾಗಿತ್ತು," ಎಂದಳು ಅಕ್ಕ. "ಇದೇ ಕುರ್ಚಿಯಲ್ಲಿ ಕೂತು ಪೇಪರ್ ಓದಿದೆ. ಕಾರಂಜಿ ಚಿಮ್ಮುತ್ತಲೇ ಇತ್ತು. ಹಾಳೆಗೆ ಒಂದು ಹನಿ ಬೀಳಲಿಲ್ಲ. ನಿನ್ನೆ ತಟ್ಟೆ ಒದ್ದೆಯಾಯ್ತು ಅಂದ್ರೆ ಕಾರಂಜಿ ನಡುವೆ ಇರಲಿಲ್ಲ. ಈ ಜಗಲಿಯ ಪಕ್ಕದಲ್ಲೇ ಇತ್ತು. ನೀನು ನೋಡಿದ್ದೀಯ. ನೋಡಿಯೂ ನಡುವೆ ಇತ್ತು ಅಂತೀಯ. ಯಾಕೆ?"

ಮಾಲೀಕ ಕನ್ನಡಕ ತೆಗೆದು ಒರೆಸತೊಡಗಿದ.

"ಯಾಕೆಂದ್ರೆ ಆಚೆ ದಡದ ಹಗ್ಗ ಸಡಿಲಿಸಿ ಎಳೆದವನು ನೀನೇ. ಕೆಸರು ಹೀರಿ ಮೋಟರು ಸುಟ್ಟಮೇಲೆ ಮತ್ತೆ ನಡುವಿಗೆ ತಳ್ಳಿದೆ. ಅವಳ ಮೇಲೆ ತಪ್ಪು ಹೊರಿಸೋ ಆತುರದಲ್ಲಿ ನಿನ್ನ ಗುಟ್ಟು ನೀನೇ ಹೇಳಿಬಿಟ್ಟೆ."

"ಊಟ ಮಾಡೋರಿಗೆ ಹತ್ತಿರದಿಂದ ಕಾಣಲಿ ಅಂತ... ಸ್ವಲ್ಪ ಹೊತ್ತು ಅಷ್ಟೇ," ಎಂದು ಗೊಣಗಿದ. "ಅಕ್ಕ ಆಗಿ ಹೀಗೆ ಎಲ್ಲರೆದುರು—"

"ಅಕ್ಕ ಆಗಿರೋದಕ್ಕೇ ಇಷ್ಟು ಮೆತ್ತಗೆ ಹೇಳ್ತಿದ್ದೀನಿ."

ಮಾಲೀಕ ಕರೆಂಟಕ್ಕನ ಕಡೆ ನೋಡಿದ. "ಆಗಿದ್ದಾಯ್ತು. ಇವತ್ತೇ ಹೊಸ ಮೋಟರ್ ಹಾಕ್ಕೊಡು."

ಅವಳು ಚೀಲ ಹೆಗಲಿಗೇರಿಸಿದಳು. "ಮೊದಲು ಹೆಡ್‌ಮೇಡಂಗೆ ಫೋನ್ ಮಾಡಿ. ಸುಟ್ಟಿದ್ದು ನೀವು ಅಂತ ನಿಮ್ಮ ಬಾಯಲ್ಲೇ ಹೇಳಿ. ನಾನು ಇಲ್ಲೇ ನಿಂತು ಕೇಳಿಸ್ಕೋತೀನಿ."

ಮಾಲೀಕ ಫೋನ್ ಮಾಡಿದ. ಶಾಲೆಯ ಕೊಳದ ಕೆಲಸ ಸೋಮವಾರ ಶುರುವಾಯಿತು. ಅದು ಮುಗಿಯುವವರೆಗೆ ವಸತಿಗೃಹದ ಕಾರಂಜಿ ಕಾಯಬೇಕಾಯಿತು.