ಪಕ್ಕದ ಸೀಟಿನ ಪೆಡಲ್

ಇದನ್ನು ಹೇಳಿದರೆ ನನಗೆ ತಲೆ ಕೆಟ್ಟಿದೆ ಅನ್ನುತ್ತೀರಿ. ಅನ್ನಿ, ನಡೆದದ್ದು ನಡೆದದ್ದೇ.

ಅಪ್ಪ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಕಲಿಯುವವರು ಎಡವಟ್ಟು ಮಾಡಿದರೆ ಕಾರು ಹಿಡಿದು ನಿಲ್ಲಿಸಲು ಅಪ್ಪ ಕೂರುವ ಪಕ್ಕದ ಸೀಟಿನ ಕಡೆಗೂ ಒಂದು ಬ್ರೇಕ್ ಪೆಡಲ್ ಇತ್ತು. ನನ್ನನ್ನಂತೂ ಅವರು ಮೂರನೇ ಗೇರ್ ದಾಟಲು ಬಿಟ್ಟವರೇ ಅಲ್ಲ. ಅವರು ತೀರಿಕೊಂಡ ಮೇಲೆ ಆ ಕಾರು ನನ್ನ ಪಾಲಿಗೆ ಬಂತು.

ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಕು, ಕಾರು ತಡವರಿಸುತ್ತಿತ್ತು, ಎಳೆಯುತ್ತಲೇ ಇರಲಿಲ್ಲ. ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಪೆಟ್ರೋಲ್ ಫಿಲ್ಟರ್ ಬದಲಿಸಿದ, ಆಕ್ಸಿಲರೇಟರ್ ಕೇಬಲ್ ಬಿಗಿ ಮಾಡಿದ. ಅವನು ಓಡಿಸಿದರೆ ಸಲೀಸಾಗಿ ಓಡುತ್ತಿತ್ತು. ನಾನು ಕೂತರೆ ಮತ್ತೆ ಅದೇ ಕಥೆ.

ಕೊನೆಗೆ ಒಂದು ಮಧ್ಯಾಹ್ನ ನನಗೆ ಓಡಿಸಲು ಹೇಳಿ ಅವನು ಬೈಕಿನಲ್ಲಿ ಹಿಂದೆ ಬಂದ. ನಿಲ್ಲಿಸಿದಾಗ ಚಕ್ರ ಮುಟ್ಟಿ, ಬಿಸಿಗೆ ಕೈ ಹಿಂದಕ್ಕೆಳೆದುಕೊಂಡ.

"ಎಂಜಿನ್ ಸರಿಯಾಗೇ ಇದೆ ಅಕ್ಕ. ನೀವ್ಯಾಕೆ ದಾರಿಯುದ್ದಕ್ಕೂ ಬ್ರೇಕ್ ತುಳೀತಿದ್ರಿ? ಹಿಂದಿನ ಲೈಟ್ ಆರಲೇ ಇಲ್ಲ."

ನಾನು ಬ್ರೇಕ್ ಮುಟ್ಟಿರಲಿಲ್ಲ. ಪಕ್ಕದ ಸೀಟಿನ ಮೇಲೆ ಕೈಯಿಟ್ಟೆ. ಆ ಉರಿಬಿಸಿಲಿನಲ್ಲೂ ಅದು ತಣ್ಣಗಿತ್ತು.

"ಈ ಕಡೆ ಪೆಡಲ್ ಬಿಚ್ಚಿಹಾಕು," ಎಂದೆ. ಬಿಚ್ಚಿದ. ನಾನು ಖಾಲಿ ಸೀಟಿನತ್ತ ತಿರುಗಿ, "ಅಪ್ಪಾ, ಬರೋದಾದ್ರೆ ಸುಮ್ಮನೆ ಕೂತು ಬನ್ನಿ," ಎಂದೆ.

ಈಗ ಕಾರು ನಾಲ್ಕನೇ ಗೇರಿನಲ್ಲಿ ಹಾರುತ್ತದೆ. ಆ ಕಡೆ ಹೊಸ ಮ್ಯಾಟ್ ಹಾಕಿಸಿದ್ದೇನೆ, ಯಾರನ್ನೂ ಅಲ್ಲಿ ಕೂರಿಸುವುದಿಲ್ಲ. ಆದರೂ ಪೆಡಲ್ ಇದ್ದಲ್ಲಿ ಒಂದು ಹಿಮ್ಮಡಿಯಷ್ಟು ಜಾಗ ದಿನದಿನಕ್ಕೂ ಸವೆಯುತ್ತಿದೆ. ಸವೆಯಲಿ. ತೂತು ಬಿದ್ದರೆ ಇನ್ನೊಂದು ಮ್ಯಾಟ್ ಹಾಕಿಸುತ್ತೇನೆ, ಪೆಡಲ್ ಮಾತ್ರ ಹಾಕಿಸುವುದಿಲ್ಲ.